ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ (17 ಜುಲೈ 1837 – 10 ಜುಲೈ 1927) ಕರ್ನಾಟಕದ ಶಾಸನಾಧ್ಯಯನಕ್ಕೆ ಭದ್ರವಾದ ಅಡಿಪಾಯ ಹಾಕಿದ ವಿದ್ವಾಂಸರು, ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮೊದಲ ನಿರ್ದೇಶಕರು. ಅಧ್ಯಾಪಕ, ಶಾಲಾ ತನಿಖಾಧಿಕಾರಿ, ಶಿಕ್ಷಣ ಇಲಾಖೆಯ ಮುಖ್ಯಸ್ಥ, ಗ್ಯಾಸೆಟಿಯರ್ ಸಂಪಾದಕ, ಜನಗಣತಿ ಅಧಿಕಾರಿ ಹಾಗೂ ಗ್ರಂಥಸಂಪಾದಕರಾಗಿಯೂ ಅವರು ಕೆಲಸ ಮಾಡಿದರು. ಸುಮಾರು 9 ಸಾವಿರ ಶಾಸನಗಳನ್ನು ಒಳಗೊಂಡ 'ಎಪಿಗ್ರಾಫಿಯ ಕರ್ನಾಟಿಕ'ದ 12 ಸಂಪುಟಗಳು ಅವರ ಮುಖ್ಯ ಸಾಧನೆ. ಇಂದಿನ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಶಾಸನಗಳು ಇವುಗಳಲ್ಲಿ 9ನೆಯ ಸಂಪುಟದಲ್ಲಿವೆ.

ಜನನ ಮತ್ತು ಶಿಕ್ಷಣ

ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು, ಕನ್ನಡವನ್ನು ಚೆನ್ನಾಗಿ ಬಲ್ಲವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಈ ತಂದೆಯ ಹೆಸರಿನದು. ಮಗನ ವಿದ್ಯಾಭ್ಯಾಸ ಇಂಗ್ಲೆಂಡಿನಲ್ಲಿ ನಡೆಯಿತು.

ಶಿಕ್ಷಣ ಇಲಾಖೆಯಲ್ಲಿ

1860ರಲ್ಲಿ ರೈಸ್ ಬೆಂಗಳೂರಿಗೆ ಹಿಂದಿರುಗಿ, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಐದು ವರ್ಷಗಳ ಅನಂತರ ಮೈಸೂರು ಮತ್ತು ಕೊಡಗಿನ ಶಾಲೆಗಳ ತನಿಖಾಧಿಕಾರಿಯಾಗಿ ನೇಮಕಗೊಂಡರು. ರೈಲುಮಾರ್ಗಗಳು ಇನ್ನೂ ವಿರಳವಾಗಿದ್ದ ಆ ಕಾಲದಲ್ಲಿ ಈ ಹುದ್ದೆಗೆ ಹಳ್ಳಿಯಿಂದ ಹಳ್ಳಿಗೆ ನಿರಂತರ ಪ್ರವಾಸ ಅನಿವಾರ್ಯವಾಗಿತ್ತು. ಶಾಲೆಗಳನ್ನು ನೋಡಲು ಹೋದ ಊರುಗಳಲ್ಲಿಯೇ ಶಿಲಾಶಾಸನಗಳೂ ವೀರಗಲ್ಲುಗಳೂ ಅವರ ಗಮನಕ್ಕೆ ಬಂದವು. ಶಾಸನಗಳ ಬಗೆಗಿನ ಅವರ ಆಸಕ್ತಿ ಬೆಳೆದದ್ದು ಈ ಪ್ರವಾಸಗಳಲ್ಲಿ.

1868ರಲ್ಲಿ ಶಿಕ್ಷಣ ಇಲಾಖೆಯ ಪ್ರಭಾರ ನಿರ್ದೇಶಕರಾಗಿದ್ದಾಗ ಅವರು ಹೋಬಳಿ ಶಾಲೆಗಳ ಯೋಜನೆಯನ್ನು ಸರ್ಕಾರದ ಮುಂದಿಟ್ಟರು. ಹೋಬಳಿಗೊಂದು ಸರ್ಕಾರಿ ಶಾಲೆ ಇರಬೇಕು, ಅಲ್ಲಿ ಕನ್ನಡದಲ್ಲಿ ಪ್ರಾಥಮಿಕ ಶಿಕ್ಷಣ ದೊರೆಯಬೇಕು ಎಂಬುದು ಅದರ ಆಶಯ. ಸಂಸ್ಥಾನದ ಗ್ರಾಮೀಣ ಶಿಕ್ಷಣಕ್ಕೆ ಈ ಯೋಜನೆ ಒಂದು ವ್ಯವಸ್ಥಿತ ರೂಪ ಕೊಟ್ಟಿತು. 1882ರಲ್ಲಿ ನೇಮಕಗೊಂಡ ಹಂಟರ್ ಶಿಕ್ಷಣ ಆಯೋಗಕ್ಕೆ ರೈಸ್ ಕಾರ್ಯದರ್ಶಿಯಾಗಿದ್ದರು.

ಗ್ಯಾಸೆಟಿಯರ್ ಮತ್ತು ಜನಗಣತಿ

ನಾಡಿನ ಭೂಗೋಳ, ಇತಿಹಾಸ, ಬೆಳೆ, ಕಂದಾಯ, ಜನಜೀವನಗಳನ್ನು ಜಿಲ್ಲಾವಾರು ವಿವರಿಸುವ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರನ್ನು ಅವರು 1876–78ರಲ್ಲಿ ಹೊರತಂದರು. ಮೈಸೂರಿಗೆ ಸಂಬಂಧಿಸಿದ ಭಾಗದ ಪರಿಷ್ಕೃತ ಆವೃತ್ತಿ 1897ರಲ್ಲಿ ಪ್ರಕಟವಾಯಿತು. 1881ರ ಮೈಸೂರು ಜನಗಣತಿಯ ವರದಿಯನ್ನೂ ಅವರೇ ಸಿದ್ಧಪಡಿಸಿದರು. ಹೀಗೆ ಶಾಸನಗಳ ವ್ಯವಸ್ಥಿತ ಸಮೀಕ್ಷೆಗೆ ಇಳಿಯುವ ಮೊದಲೇ ಸಂಸ್ಥಾನದ ಊರುಗಳು, ಆಡಳಿತ ವಿಭಾಗಗಳು ಹಾಗೂ ಜನಸಮುದಾಯಗಳ ವಿವರವಾದ ಪರಿಚಯ ಅವರಿಗೆ ಒದಗಿತ್ತು.

ಶಾಸನ ಸಂಶೋಧನೆ

ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರ ಪಾಲಿಗೆ ಬಂದಿತು. ಅದರ ಫಲವೇ 1879ರಲ್ಲಿ ಪ್ರಕಟವಾದ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್'. ಪುರಾತತ್ತ್ವದ ಹೊಣೆಯನ್ನು ಅವರು ಮೊದಲು ಇತರ ಕೆಲಸಗಳೊಡನೆ ನಿರ್ವಹಿಸಿದರು. 1890ರಿಂದ ಪೂರ್ಣಾವಧಿಗೆ ವಹಿಸಿಕೊಂಡರು. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಅವರು ಪತ್ತೆಮಾಡಿದರು. ಮೌರ್ಯರ ಆಳ್ವಿಕೆ ಮೈಸೂರು ಸೀಮೆಯವರೆಗೂ ಹಬ್ಬಿತ್ತೆಂಬುದಕ್ಕೆ ಇದರಿಂದ ಖಚಿತ ಆಧಾರ ದೊರೆಯಿತು.

ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಶಾಸನಗಳನ್ನು ರಾಜವಂಶಕ್ಕೆ ಅನುಗುಣವಾಗಿ ಜೋಡಿಸಿಲ್ಲ. ಪ್ರತಿ ಜಿಲ್ಲೆಯ ಶಾಸನಗಳಿಗೆ ತಾಲ್ಲೂಕುವಾರು ಕ್ರಮಸಂಖ್ಯೆ ಕೊಡಲಾಗಿದೆ. ಮೂಲಪಾಠ ಕನ್ನಡ ಮತ್ತು ರೋಮನ್ ಲಿಪಿಗಳಲ್ಲಿದ್ದು, ಇಂಗ್ಲಿಷ್ ಅನುವಾದವೂ ಇದೆ. ಗ್ಯಾಸೆಟಿಯರಿನ ಜಿಲ್ಲಾವಾರು ಕ್ರಮವನ್ನು ಹೋಲುವ ಈ ಜೋಡಣೆಯಿಂದ ತಮ್ಮ ಊರಿನ ಚರಿತ್ರೆಯನ್ನು ಹುಡುಕುವವರಿಗೆ ಇಂದಿಗೂ ಅನುಕೂಲವಾಗಿದೆ.

ಬೆಂಗಳೂರು ಗ್ರಾಮಾಂತರದ ಶಾಸನಗಳು

ಬೆಂಗಳೂರು ಜಿಲ್ಲೆಗೆ ಮೀಸಲಾದ 9ನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ನೆಲಮಂಗಲ ತಾಲ್ಲೂಕಿನ ಮಣ್ಣೆಯಲ್ಲಿ ದೊರೆತ 797 ಮತ್ತು 802ರ ತಾಮ್ರಪಟಗಳು ಈ ಸಂಪುಟದಲ್ಲಿವೆ. ಮೊದಲನೆಯದು ಗಂಗರ ಕಾಲದ್ದು, ಎರಡನೆಯದು ರಾಷ್ಟ್ರಕೂಟರ ಕಾಲದ್ದು. ಇಂದು ಚಿಕ್ಕ ಹಳ್ಳಿಯಾಗಿರುವ ಮಣ್ಣೆ ಒಂದು ಕಾಲಕ್ಕೆ ಗಂಗರ ಮಾನ್ಯಪುರವಾಗಿತ್ತೆಂಬುದನ್ನು ತಿಳಿಯಲು ಇಂತಹ ಶಾಸನಗಳೇ ಮುಖ್ಯ ಆಧಾರ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಲ್ಲೋಹಳ್ಳಿಯ ಗಂಗ ತಾಮ್ರಪಟಗಳೂ ಇದೇ ಸಂಪುಟದಲ್ಲಿ ಸೇರಿವೆ.

ಗ್ರಂಥಸಂಪಾದನೆ

ಪ್ರಾಚೀನ ಕನ್ನಡ ಗ್ರಂಥಗಳನ್ನು ಓಲೆಗರಿಯಿಂದ ಅಚ್ಚಿಗೆ ತರಲು ರೈಸ್ 'ಬಿಬ್ಲಿಯೋಥಿಕಾ ಕರ್ನಾಟಿಕ' ಮಾಲೆಯನ್ನು ನಡೆಸಿದರು. ಕರ್ಣಾಟಕ ಭಾಷಾಭೂಷಣ, ಭಟ್ಟಾಕಳಂಕನ ಶಬ್ದಾನುಶಾಸನ, ಪಂಪ ರಾಮಾಯಣ, ಪಂಪ ಭಾರತ ಮತ್ತು ಕವಿರಾಜಮಾರ್ಗಗಳು ಈ ಮಾಲೆಯಲ್ಲಿ ಬೆಳಕು ಕಂಡವು. ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು ಸಂಪಾದಿಸಿದರು. ಶಾಸನಗಳ ಹಳಗನ್ನಡವನ್ನು ಅರ್ಥೈಸಲು ಕಾವ್ಯ–ವ್ಯಾಕರಣಗಳ ಪರಿಚಯವೂ, ಕವಿಗಳ ಕಾಲನಿರ್ಣಯಕ್ಕೆ ಶಾಸನಗಳೂ ನೆರವಾದವು.

ಟೀಕೆಗಳು

ಗಂಗರ ಹಲವು ತಾಮ್ರಪಟಗಳನ್ನು ರೈಸ್ ನೈಜವೆಂದು ಒಪ್ಪಿ ಆ ವಂಶದ ಚರಿತ್ರೆಯನ್ನು ಕಟ್ಟಿದರು. ಜೆ. ಎಫ್. ಫ್ಲೀಟ್ ಅವುಗಳನ್ನು ಕೂಟಶಾಸನಗಳೆಂದು ವಾದಿಸಿದರು. ಈ ವಾದ ದೀರ್ಘಕಾಲ ನಡೆಯಿತು. ಮುಂದಿನ ವಿದ್ವಾಂಸರು ಆ ತಾಮ್ರಪಟಗಳಲ್ಲಿ ಕೆಲವನ್ನು ನೈಜವೆಂದೂ ಕೆಲವನ್ನು ಕೂಟವೆಂದೂ ಪರಿಗಣಿಸಿದ್ದಾರೆ. ರೈಸ್ ಅವರ ಕೆಲವು ಪಾಠಗಳೂ ಕಾಲನಿರ್ಣಯಗಳೂ ತಿದ್ದುಪಡಿಗೆ ಒಳಗಾಗಿವೆ. ಆದರೂ ಆ ಚರ್ಚೆಗೆ ಬೇಕಾದ ಮೂಲಸಾಮಗ್ರಿಯನ್ನು ಬಹುಮಟ್ಟಿಗೆ ಒದಗಿಸಿದವರು ಅವರೇ.

ನಿವೃತ್ತಿ ಮತ್ತು ಪರಂಪರೆ

1906ರಲ್ಲಿ ನಿವೃತ್ತರಾದ ರೈಸ್ ಇಂಗ್ಲೆಂಡಿಗೆ ತೆರಳಿದರು. ಶಾಸನಗಳ ಆಧಾರದಿಂದ ರಚಿಸಿದ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು 1909ರಲ್ಲಿ ಪ್ರಕಟಿಸಿದರು. ಹ್ಯಾರೋ ಪಟ್ಟಣದಲ್ಲಿ ನಿಧನರಾದರು. ಇಲಾಖೆಯ ಕೆಲಸವನ್ನು ಆರ್. ನರಸಿಂಹಾಚಾರ್ಯರು ಮುಂದುವರಿಸಿದರು. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಆರಂಭಿಸಿತು. ಸ್ಥಳೀಯ ಚರಿತ್ರೆಯ ಬರಹಗಳಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಅನೇಕ ಶಾಸನಗಳನ್ನು ಇಂದಿಗೂ ರೈಸ್ ಕೊಟ್ಟ ಕ್ರಮಸಂಖ್ಯೆಗಳಿಂದಲೇ ಗುರುತಿಸಲಾಗುತ್ತದೆ.