ಮಲಯಾಳಂ ಸಿನಿಮಾದ ಪಿತಾಮಹ ಜೆ.ಸಿ. ಡೇನಿಯಲ್



ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂತು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಪಕ್ಕದ ಕೇರಳದಲ್ಲಿ ಮೊಟ್ಟಮೊದಲು ಸಿನಿಮಾ ತೆಗೆದವರು ಯಾರು? ಆಮೇಲೆ ಅವರ ಗತಿ ಏನಾಯಿತು? ಈ ಸಲ ನಾನು ಅವರ ಜೀವನ ಚರಿತ್ರೆ ಬರೆದಿದ್ದೇನೆ. ದಯವಿಟ್ಟು ಕೊನೇತನಕ ಓದಿ.

ಜೆ.ಸಿ. ಡೇನಿಯಲ್ ಅವರು 1900ರ ನವೆಂಬರ್ 28ರಂದು ತಿರುವಾಂಕೂರು ಸಂಸ್ಥಾನದಲ್ಲಿ ಜನಿಸಿದರು. ಅನುಕೂಲಸ್ಥ ಮನೆತನ. ಕನ್ಯಾಕುಮಾರಿ ಹತ್ತಿರದ ಅಗಸ್ತೀಶ್ವರದಲ್ಲಿ ಅವರಿಗೆ ಜಮೀನಿತ್ತು. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಆದರೆ ಅವರ ಮನಸ್ಸೆಲ್ಲ ಕಳರಿಪಯಟ್ಟು ಎಂಬ ಕತ್ತಿವರಸೆಯ ವಿದ್ಯೆಯ ಮೇಲೆ. ಅದರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಬರೆದರು. ಈ ವಿದ್ಯೆಯನ್ನು ಸಿನಿಮಾದಲ್ಲಿ ತೋರಿಸಿದರೆ ಎಲ್ಲಾ ಕಡೆ ಹೆಸರಾಗುತ್ತೆ ಅಂತ ಅವರಿಗೆ ಅನ್ನಿಸಿತು.

ಸಿನಿಮಾ ಕಲಿಯೋಕೆ ಮದ್ರಾಸಿಗೆ ಹೋದರು, ಮುಂಬಯಿಗೂ ಹೋದರು. ಸ್ಟುಡಿಯೋದ ಒಳಕ್ಕೆ ಸುಮ್ಮನೆ ಯಾರು ಬಿಡುತ್ತಾರೆ? ತಾನು ಕೇರಳದ ಒಬ್ಬ ಮೇಷ್ಟ್ರು, ಮಕ್ಕಳಿಗೆ ಪಾಠ ಹೇಳಲು ನೋಡಬೇಕು ಎಂದು ಹೇಳಿ ಒಳಗೆ ಹೋಗಿ ನೋಡಿಕೊಂಡು ಬಂದರು! ಆಮೇಲೆ ಜಮೀನು ಮಾರಿ ತಿರುವನಂತಪುರದಲ್ಲಿ ‘ಟ್ರಾವಂಕೂರ್ ನ್ಯಾಷನಲ್ ಪಿಕ್ಚರ್ಸ್’ ಎಂಬ ಸ್ಟುಡಿಯೋ ಕಟ್ಟಿದರು.

ಅಲ್ಲಿ ತೆಗೆದ ಚಿತ್ರವೇ ‘ವಿಗತಕುಮಾರನ್’. ಅಂದರೆ ಕಳೆದುಹೋದ ಮಗ. ಅದು ಮೂಕಿಚಿತ್ರ. ದೇವರ ಕಥೆಗಳೇ ಹೆಚ್ಚಾಗಿದ್ದ ಆ ಕಾಲದಲ್ಲಿ ಇವರು ಸಾಮಾನ್ಯ ಜನರ ಕಥೆ ಆರಿಸಿಕೊಂಡರು. ಸಿಂಹಳಕ್ಕೆ ಕದ್ದೊಯ್ಯಲ್ಪಟ್ಟ ಹುಡುಗನ ಕಥೆ, ಜೊತೆಗೆ ಒಂದು ಪ್ರೇಮ ಕಥೆ. ಕಥೆ ಬರೆದದ್ದು, ನಿರ್ದೇಶನ ಮಾಡಿದ್ದು, ನಾಯಕನಾಗಿ ನಟಿಸಿದ್ದು ಎಲ್ಲಾ ಡೇನಿಯಲ್ಲರೇ.

ನಾಯಕಿ ಮಾತ್ರ ಸಿಗಲಿಲ್ಲ. ಹೆಂಗಸರು ನಟಿಸುವುದು ಅವಮಾನ ಎನ್ನುತ್ತಿದ್ದ ಕಾಲ ಅದು. ಕೊನೆಗೆ ರೋಸಿ ಎಂಬ ದಲಿತ ಯುವತಿ ಒಪ್ಪಿಕೊಂಡರು. ಅವರು ಹುಲ್ಲು ಕೊಯ್ಯುವ ಕೂಲಿ ಮಾಡುತ್ತಾ, ಕಾಕ್ಕಾರಶ್ಶಿ ಎಂಬ ಜನಪದ ನಾಟಕದಲ್ಲಿ ಪಾತ್ರ ಮಾಡುತ್ತಿದ್ದರು. ಚಿತ್ರದಲ್ಲಿ ಅವರದು ಮೇಲ್ಜಾತಿಯ ನಾಯರ್ ಹುಡುಗಿಯ ಪಾತ್ರ.

1928ರಿಂದ 1930ರ ನಡುವೆ ತಿರುವನಂತಪುರದ ಕ್ಯಾಪಿಟಲ್ ಟಾಕೀಸಿನಲ್ಲಿ ಚಿತ್ರ ಬಿಡುಗಡೆಯಾಯಿತು. ನಾಯಕ ನಾಯಕಿಯ ಮುಡಿಯಲ್ಲಿದ್ದ ಹೂವಿಗೆ ಮುತ್ತಿಟ್ಟ ದೃಶ್ಯ ಬಂದಾಗ ಗಲಾಟೆ ಶುರುವಾಯಿತಂತೆ. ದಲಿತ ಹೆಂಗಸು ನಾಯರ್ ಹುಡುಗಿಯಾಗಿ ನಟಿಸಬಹುದೇ ಎಂಬುದೇ ಅವರ ಸಿಟ್ಟು. ಪರದೆಗೆ ಕಲ್ಲು ಬಿತ್ತು. ರೋಸಿಯ ಗುಡಿಸಲಿಗೂ ಬೆಂಕಿ ಹಚ್ಚಿದರು ಎನ್ನುತ್ತಾರೆ. ಅವರು ಲಾರಿ ಹತ್ತಿ ತಮಿಳುನಾಡಿನ ಕಡೆ ತಪ್ಪಿಸಿಕೊಂಡು ಹೋದರಂತೆ. ಮತ್ತೆಂದೂ ಸಿನಿಮಾದಲ್ಲಿ ನಟಿಸಲಿಲ್ಲ.

ಡೇನಿಯಲ್ಲರು ಸಾಲಗಾರರಾದರು. ಸ್ಟುಡಿಯೋ ಮುಚ್ಚಿತು. ಊರೂರು ತಿರುಗಿ ಮತ್ತೆ ಹಲ್ಲಿನ ಡಾಕ್ಟರಿಕೆ ಮಾಡಿದರು. ಆ ಕಾಲದ ಫಿಲಂ ನೈಟ್ರೇಟಿನದು, ಕಿಡಿ ತಾಗಿದರೆ ಸಾಕು, ಭಗ್ ಅಂತ ಉರಿಯುತ್ತೆ. ಮನೆಯಲ್ಲಿದ್ದ ರೀಲುಗಳನ್ನು ಅವರ ಚಿಕ್ಕ ಮಗ ಏನೂ ತಿಳಿಯದೆ ಸುಟ್ಟು ಆಟವಾಡಿಬಿಟ್ಟ! ಹೀಗೆ ‘ಕಳೆದುಹೋದ ಮಗ’ ಚಿತ್ರವೂ ಕಳೆದೇಹೋಯಿತು.

ಮುಪ್ಪಿನಲ್ಲಿ ಬಡತನ ಬಂತು. ತಮಿಳುನಾಡಿನವರು ಎಂಬ ಕಾರಣಕ್ಕೆ ಕೇರಳ ಸರ್ಕಾರದ ಪಿಂಚಣಿಯೂ ಸಿಗಲಿಲ್ಲ. 1975ರ ಏಪ್ರಿಲ್ 27ರಂದು ತೀರಿಕೊಂಡರು. ಪತ್ರಕರ್ತ ಚೇಲಂಗಾಟ್ಟ್ ಗೋಪಾಲಕೃಷ್ಣನ್ ಅವರ ವಿಷಯ ಪತ್ತೆ ಮಾಡಿ ಬರೆದಿದ್ದರಿಂದ ಜನಕ್ಕೆ ಅವರ ನೆನಪು ಉಳಿಯಿತು. 1992ರಲ್ಲಿ ಕೇರಳ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಶುರುಮಾಡಿತು. 2013ರಲ್ಲಿ ‘ಸೆಲ್ಯುಲಾಯ್ಡ್’ ಎಂಬ ಸಿನಿಮಾ ಅವರ ಮೇಲೆಯೇ ಬಂತು.

ಸ್ನೇಹಿತರೇ, ರೀಲು ಸುಟ್ಟ ಮಗುವನ್ನು ನಾನು ಬೈಯುವುದಿಲ್ಲ. ಅದಕ್ಕಿಂತ ಮೊದಲೇ ಕಲ್ಲೆಸೆದ ದೊಡ್ಡವರು ಆ ಸಿನಿಮಾವನ್ನು ಕೊಂದಿದ್ದರು. ಡೇನಿಯಲ್ಲರಿಗೆ ತಡವಾಗಿಯಾದರೂ ಪಿತಾಮಹ ಎಂಬ ಬಿರುದು ಸಿಕ್ಕಿತು. ರೋಸಿಗೆ ಬದುಕಿದ್ದಾಗ ಒಂದು ಚಪ್ಪಾಳೆಯೂ ಸಿಗಲಿಲ್ಲ. ಮುಂದೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕದ ಪಾತ್ರ ಹಂಚುವಾಗ ಯಾರು ಯಾವ ಕೇರಿಯವರು ಅಂತ ಯಾರೂ ನೋಡಬಾರದು. ಚೆನ್ನಾಗಿ ಮಾಡುವವರಿಗೇ ರಾಣಿ ಪಾತ್ರ ಕೊಡಬೇಕು. ಇದು ನನ್ನ ಕೋರಿಕೆ.