ಶಿರಾದ ನವಾಬಗಿರಿ, ಬಿದನೂರಿನ ವರಹ

ಹೈದರಾಲಿಯನ್ನು ನಾನು ಯೋಧನೆಂಬುದಕ್ಕಿಂತ ಹಣದ ಮರ್ಮ ಬಲ್ಲವನೆಂದೇ ಓದುತ್ತೇನೆ. 1761ರಲ್ಲಿ ಬಸಾಲತ್ ಜಂಗನಿಗೆ ಮೂರು ಲಕ್ಷ ರೂಪಾಯಿ ತೆತ್ತು ಆತ ಶಿರಾದ ನವಾಬಗಿರಿಯನ್ನು ಕೊಂಡ. ಶಿರಾ ಆಗ ಮರಾಠರ ವಶದಲ್ಲಿತ್ತು. ಮಾರಿದವನ ಕೈಯಲ್ಲಿ ಸರಕೇ ಇರಲಿಲ್ಲ! ವಾಯಿದಾ ಪೇಟೆಯವರು ತಮ್ಮದು ಹೊಸ ಶೋಧವೆಂದು ಬೀಗಬೇಕಿಲ್ಲ. ಆ ಕಾಗದದ ಹಕ್ಕನ್ನು ಹೈದರ್ ಸೈನ್ಯ ನುಗ್ಗಿಸಿ ನಗದು ಮಾಡಿಕೊಂಡ. ನೆರೆಯ ಪಾವಗಡದಲ್ಲಿ ಇಂದು ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಹರಡಿವೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆ ಭೂಮಾಲೀಕನಿಗುಂಟು, ಕೂಲಿಯಾಳಿಗಿಲ್ಲ. ಬಿಸಿಲಿನ ಹೂಡಿಕೆಯನ್ನು ಕೊಂಡಾಡುವವರು ಈ ಲೆಕ್ಕವನ್ನೇಕೆ ಬರೆಯುವುದಿಲ್ಲ?

1763ರಲ್ಲಿ ಬಿದನೂರಿನ ಅಪಾರ ಭಂಡಾರ ಹೈದರನ ಕೈಸೇರಿತು. ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಬೆಟ್ಟದ ಕೋಟೆಯಲ್ಲಿ ಸೆರೆಯಿಟ್ಟ. ಆದರೆ ಆಕೆಯ ಮನೆತನದ ವರಹದ ಮೇಲಿದ್ದ ಶಿವಪಾರ್ವತಿಯರನ್ನು ಕದಲಿಸಲಿಲ್ಲ. ತನ್ನ ಬಹದ್ದೂರಿ ವರಹದ ಹಿಂಬದಿಗೆ ಹೆಸರಿನ ಮೊದಲಕ್ಷರವನ್ನಷ್ಟೇ ಒತ್ತಿಸಿದ. ಇದನ್ನು ಮತಸಹಿಷ್ಣುತೆ ಎನ್ನುವವರುಂಟು. ಇರಬಹುದು. ನನಗೆ ಕಾಣುವುದು ಲೇವಾದೇವಿಯ ವಿವೇಕ: ಪರಿಚಿತ ಮುದ್ರೆಯಿಲ್ಲದ ನಾಣ್ಯವನ್ನು ಕರಾವಳಿಯ ಮೆಣಸಿನ ವರ್ತಕ ಹೇಗೆ ನಂಬಿಯಾನು? 2016ರಲ್ಲಿ ಒಂದೇ ರಾತ್ರಿ ನೋಟು ರದ್ದು ಮಾಡಿದವರಿಗೆ ಈ ಅಂಜಿಕೆ ಇರಲಿಲ್ಲ.

1767ರಲ್ಲಿ ಪೇಶ್ವೆ ಮಾಧವರಾಯ ಶಿರಾ, ಮಧುಗಿರಿಗಳನ್ನು ಗೆದ್ದು ರಾಣಿಯನ್ನು ಬಿಡಿಸಿದ. ಆ ಸೀಮೆಯನ್ನು ಮರಳಿ ಪಡೆದ ಹೈದರ್ 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ ತೀರಿಕೊಂಡ. ಮಗ ಟಿಪ್ಪು ನಾಣ್ಯದಿಂದ ಶಿವಪಾರ್ವತಿಯರನ್ನು ಕೈಬಿಟ್ಟು, ತಂದೆಯ ಮೊದಲಕ್ಷರವನ್ನು ಉಳಿಸಿಕೊಂಡ.