ಬೀದಿ ಯಾರದ್ದು? ಮಿರ್ಜಾ ಇಸ್ಮಾಯಿಲ್ ಬಿಟ್ಟುಹೋದ ಪ್ರಶ್ನೆ

ಪೇಟೆಯಲ್ಲಿ ನಡೆಯೋಕೆ ಜಾಗ ಇಲ್ಲ ಅನ್ನೋ ಮಾತು ಬಂದಾಗೆಲ್ಲ ಒಂದು ಹೆಸರು ಕೇಳಿಬರುತ್ತೆ: ಸರ್ ಮಿರ್ಜಾ ಇಸ್ಮಾಯಿಲ್. ಅಂಥ ಒಬ್ಬ ದಿವಾನ ಇವತ್ತು ಇದ್ದಿದ್ದರೆ ಎಲ್ಲ ಸರಿಹೋಗ್ತಿತ್ತು ಅನ್ನೋದು ಹಿರಿಯರ ನಿಟ್ಟುಸಿರು. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯಬೇಕಾದರೆ ಅವರ ಬದುಕನ್ನು ಪೂರ್ತಿ ನೋಡಬೇಕು.

ಮಿರ್ಜಾ ಹುಟ್ಟಿದ್ದು 1883ರಲ್ಲಿ, ಬೆಂಗಳೂರಿನಲ್ಲಿ. ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆ ನಿಂತವರು. ಕಂಟೋನ್ಮೆಂಟಿನಲ್ಲಿ ಸಾಲು ಸಾಲು ಬಂಗಲೆ ಕಟ್ಟಿಸಿದವರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಈಗಲೂ ಇದೆ. ಮೊಮ್ಮಗ ಓದಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ. ಆಮೇಲೆ ಸೆಂಟ್ರಲ್ ಕಾಲೇಜಿನ ಪದವಿ, ಪೊಲೀಸ್ ಇಲಾಖೆಯ ಕೆಲಸ, ಮಹಾರಾಜರ ಕಚೇರಿ. 1926ರಲ್ಲಿ ಮೈಸೂರು ಸಂಸ್ಥಾನದ ದಿವಾನಗಿರಿ. ಆ ಕುರ್ಚಿಯಲ್ಲಿ ಕೂತದ್ದು 15 ವರ್ಷ.

ಕಾರ್ಖಾನೆ, ವಿದ್ಯುತ್ತು, ಕೆಆರ್‌ಎಸ್‌ ಕೆಳಗಿನ ಬೃಂದಾವನ, 1935ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ಪುರಭವನ: ಅವರ ಕಾಲದ ಕೆಲಸಗಳ ಪಟ್ಟಿ ಉದ್ದವಿದೆ. ಆದರೆ ಜನ ನೆನಪಿಟ್ಟುಕೊಂಡದ್ದು ಬೇರೆಯದನ್ನ. ದಿವಾನರು ಬೆಳಿಗ್ಗೆ ಕುದುರೆ ಏರಿ ಬೀದಿ ಸುತ್ತೋರು, ಉರಿಯದ ದೀಪ, ಕಟ್ಟಿಕೊಂಡ ಚರಂಡಿ ಕಣ್ಣಿಗೆ ಬಿದ್ದರೆ ಸಂಬಂಧಪಟ್ಟವರಿಗೆ ಅವತ್ತೇ ಕರೆ ಹೋಗ್ತಿತ್ತು ಅಂತ ಹಳಬರು ಹೇಳ್ತಾ ಬಂದಿದ್ದಾರೆ. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಜರ್ಮನ್ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದದ್ದೂ ಇವರ ದಿವಾನಗಿರಿಯಲ್ಲೇ.

ಬೀದಿಯ ವಿಷಯದಲ್ಲಿ ಅವರ ಅಸಲಿ ಪರೀಕ್ಷೆ ನಡೆದದ್ದು ಮಾತ್ರ ಮೈಸೂರು ಬಿಟ್ಟ ಮೇಲೆ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ರಾಜೀನಾಮೆ ಕೊಟ್ಟರು. 1942ರಲ್ಲಿ ಜೈಪುರದ ಪ್ರಧಾನಿಯಾದರು. ಸವಾಯಿ ಜಯಸಿಂಹ 1727ರಲ್ಲಿ ಅಳೆದು ಗೆರೆ ಹಾಕಿ ಕಟ್ಟಿಸಿದ ಆ ಊರಿನ ಅಗಲ ಬಜಾರುಗಳಲ್ಲಿ ಅಷ್ಟು ಹೊತ್ತಿಗೆ ಅಂಗಡಿಗಳು ಬೀದಿಗೆ ಚಾಚಿಕೊಂಡಿದ್ದವು. ಮಿರ್ಜಾ ಆ ಚಾಚನ್ನು ತೆಗೆಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಅಂಗಡಿ ಸಾಲಿನ ಮುಂದೆ ಉದ್ದಕ್ಕೂ ಮಾಡಿರುವ ಜಗಲಿ ಹಾಕಿಸಿದರು. ರಾಜಸ್ಥಾನದ ಬಿಸಿಲಲ್ಲಿ ಗಿರಾಕಿ ನೆರಳಲ್ಲೇ ಒಂದು ಅಂಗಡಿಯಿಂದ ಇನ್ನೊಂದಕ್ಕೆ ನಡೆದು ಹೋಗಬಹುದಿತ್ತು. ಕೋಟೆಯ ಹೊರಗೆ ಅವರು ರೂಪಿಸಿದ ದೊಡ್ಡ ರಸ್ತೆಗೆ ಇವತ್ತಿಗೂ ಅವರದೇ ಹೆಸರು. ಜೈಪುರದವರು ಎಂಐ ರೋಡ್ ಅಂತಾರೆ.

ಇಲ್ಲಿಗೆ ಕತೆ ಮುಗಿದಿದ್ದರೆ ಹಿರಿಯರ ನಿಟ್ಟುಸಿರೇ ಸರಿ ಅನ್ನಬಹುದಿತ್ತು. ಮುಗಿಯಲಿಲ್ಲ. ಮಿರ್ಜಾ 1946ರಲ್ಲಿ ಜೈಪುರ ಬಿಟ್ಟರು. ಮುಂದಿನ ದಶಕಗಳಲ್ಲಿ ಆ ಜಗಲಿಗಳು ಒಂದೊಂದಾಗಿ ಅಂಗಡಿಗಳ ಹೊಟ್ಟೆ ಸೇರಿದವು. 2000ದ ಆಸುಪಾಸಿನಲ್ಲಿ ಅವನ್ನು ಬಿಡಿಸೋಕೆ ಆಡಳಿತ ಮತ್ತೊಂದು ದೊಡ್ಡ ಕಾರ್ಯಾಚರಣೆಯನ್ನೇ ಮಾಡಬೇಕಾಯ್ತು. ಒಬ್ಬ ದಕ್ಷ ಮನುಷ್ಯನ ಕಣ್ಗಾವಲಲ್ಲಿ ಬಂದ ಬೀದಿ, ಅವನು ಬೆನ್ನು ತಿರುಗಿಸಿದ ಮೇಲೆ ಅವನ ಜೊತೆಗೇ ಹೋಯ್ತು.

ಯಾಕೆ ಅಂತ ಅವರ ರಾಜಕೀಯದಲ್ಲೇ ಉತ್ತರ ಸಿಗುತ್ತೆ. ಮಿರ್ಜಾ ಜನರಿಗಾಗಿ ಕೆಲಸ ಮಾಡಿದರು, ಜನರಿಗೆ ಉತ್ತರ ಕೊಡಬೇಕಾದ ಕುರ್ಚಿಯಲ್ಲಿ ಕೂತಿರಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆ ಶಾಲೆಯ ಗಣಪತಿ ಮೂರ್ತಿಯ ವಿಚಾರ ಗಲಭೆಯಾದಾಗ ಮುಸ್ಲಿಂ ದಿವಾನ ಅನ್ನೋ ಕಾರಣಕ್ಕೇ ಅವರ ಮೇಲೆ ಕೆಂಡ ಕಾರಿದವರಿದ್ದರು. ಅದು ಅನ್ಯಾಯ. ಆದರೆ 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಅವರದೇ ಆಡಳಿತದಲ್ಲಿ. ಹೂಗಿಡದ ಬಗ್ಗೆ ಅಷ್ಟು ಸೂಕ್ಷ್ಮವಾಗಿದ್ದ ಸರ್ಕಾರ ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಕಿವಿಗೊಡಲು ತಡ ಮಾಡಿತು. ಸತ್ತವರ ಲೆಕ್ಕ ಬರೆಯದೆ ಬೀದಿ ದೀಪದ ಲೆಕ್ಕವನ್ನಷ್ಟೇ ಬರೆದರೆ ಅದು ಜೀವನಚರಿತ್ರೆ ಆಗೋದಿಲ್ಲ.

ಮುಂದೆ ಹೈದರಾಬಾದಿನ ನಿಜಾಮರು ಪ್ರಧಾನಿ ಮಾಡಿಕೊಂಡರು. ಅಲ್ಲಿ ಇತ್ತೆಹಾದ್‌ನವರ ವಿರೋಧದ ನಡುವೆ ಒಂದು ವರ್ಷವೂ ತುಂಬಲಿಲ್ಲ, 1947ರಲ್ಲಿ ಹೊರಬಂದರು. 1954ರಲ್ಲಿ ಆತ್ಮಕಥೆ ಪ್ರಕಟವಾಯ್ತು. 1959ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು.

ಈಗ ನಮ್ಮ ಕಾಲಕ್ಕೆ ಬರೋಣ. ಇವತ್ತು ದಿವಾನರಿಲ್ಲ, ಆದರೆ ಅವರ ಹತ್ತಿರ ಇಲ್ಲದಿದ್ದ ಎರಡು ಹತಾರ ನಮ್ಮ ಕೈಲಿವೆ. ಒಂದು, ಅಳತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 150 ಮಿಲಿಮೀಟರ್ ಮೀರಬಾರದು. ಅದಕ್ಕಿಂತ ಎತ್ತರವಾದರೆ ಮುದುಕರು ಹತ್ತಲ್ಲ, ಗಾಲಿಕುರ್ಚಿ ಏರಲ್ಲ. ಎರಡು, 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಸ್ಥಾನ ವ್ಯಾಪಾರಿಗಳಿಗೇ ಇರಬೇಕು ಅಂತ ಅದು ಹೇಳುತ್ತೆ. ಮೀನು, ಸೊಪ್ಪು ಮಾರುವವರನ್ನು ಓಡಿಸಿ ಗ್ರಾನೈಟ್ ಹಾಸಿದರೆ ಪೇಟೆ ಉದ್ಧಾರವಾಗಲ್ಲ. ಅವರನ್ನೂ ಕೂರಿಸಿಕೊಂಡು ಗೆರೆ ಎಳೆದರೆ ಆ ಗೆರೆಯನ್ನು ಕಾಯೋಕೆ ಅವರೇ ಇರ್ತಾರೆ.

ಇದು ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ಮಾತ್ರ ಸಂಬಂಧಿಸಿದ ವಿಷಯ ಅಲ್ಲ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಮಿರ್ಜಾ ಅವರ ಆಡಳಿತ ಇಲ್ಲಿಗೆ ತಲುಪಲೇ ಇಲ್ಲ. ಆದರೂ ಜಗಲಿ ಅಂದರೆ ಏನು ಅಂತ ಕರಾವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಳೆಯ ಹೆಂಚಿನ ಅಂಗಡಿಗಳ ಮುಂಚಾಚಿದ ಮಾಡಿನ ಕೆಳಗೆ ಮಳೆಗಾಲದಲ್ಲಿ ಎಷ್ಟು ಜನ ನಿಂತಿಲ್ಲ! ಅಂಕೋಲಾ, ಕಾರವಾರದ ಪೇಟೆಗಳಲ್ಲಿ ಕಾಂಕ್ರೀಟ್ ಮಳಿಗೆ ಎದ್ದಾಗ ನಾವು ಕಳೆದುಕೊಂಡದ್ದು ಅದನ್ನೇ. ಇನ್ನು ಸುಂಕಸಾಳದಂಥ ಊರಿಗೆ ಹುಬ್ಬಳ್ಳಿ ಹೆದ್ದಾರಿಯೇ ಪೇಟೆಬೀದಿ. ಬಳ್ಳಾರಿಯ ಅದಿರು ಬೇಲೆಕೇರಿ ಬಂದರಿಗೆ ಹರಿಯುತ್ತಿದ್ದ ವರ್ಷಗಳಲ್ಲಿ ಈ ರಸ್ತೆಯ ಲೆಕ್ಕ ಹಾಕಿದ್ದು ಲಾರಿಗಳಲ್ಲಿ, ಅದನ್ನು ದಾಟುವ ಶಾಲೆ ಮಕ್ಕಳಲ್ಲಿ ಅಲ್ಲ.

ಹಾಗಾಗಿ ಇನ್ನೊಬ್ಬ ಮಿರ್ಜಾಗೆ ಕಾಯೋದು ಬೇಡ. ಅವರಿಂದ ಕಲಿಯಬೇಕಾದ್ದು ಬೀದಿಯನ್ನು ದಿನಾ ಹೋಗಿ ನೋಡುವ ಅಭ್ಯಾಸ. ಅವರ ಕಾಲದಲ್ಲಿ ಇಲ್ಲದ್ದು, ನೋಡಿದ್ದನ್ನು ಕೇಳುವ ಹಕ್ಕು. ಮುಂದಿನ ಗ್ರಾಮಸಭೆಗೋ ಪುರಸಭೆಗೋ ಹೋಗುವಾಗ ಒಂದು ಟೇಪು ಹಿಡಕೊಂಡು ನಿಮ್ಮ ಬೀದಿ ಅಳೆದುಕೊಂಡು ಹೋಗಿ. 1.8 ಮೀಟರ್ ಎಲ್ಲಿ ಹೋಯ್ತು ಅಂತ ಕೇಳಿ.